‘ಟಿಬೇಟಿಯನ್ನರನ್ನು ನೋಡಿ ಕಲೀರಿ’ ಅನ್ನುವವರಿಗೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಯಾವ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ. ‘ಟಿಬೇಟಿಯನ್ನರು ಬಂದಾಗ ಉಟ್ಟ ಬಟ್ಟೇಲಿ ಬಂದರು. ಈಗ ನೋಡಿ, ಹೆಂಗಿದ್ದಾರೆ. ನಮ್ಮ ಹಾಡಿ ಜನಕ್ಕೆ ಸರ್ಕಾರ ಎಷ್ಟು ಸುರಿದರೂ ಅಷ್ಟೇ. ಬೆಳಿಗ್ಗೆ ದುಡೀತಾರೆ, ಸಂಜೆ ಕುಡೀತಾರೆ.’ ಹೇಳುವವರು ಕೆಟ್ಟವರೇನಲ್ಲ. ಮೇಷ್ಟ್ರು ಹೇಳುತ್ತಾರೆ, ಪಂಚಾಯ್ತಿ ಸದಸ್ಯರು ಹೇಳುತ್ತಾರೆ, ನಮ್ಮ ಮನೆಯ ದೊಡ್ಡವರೂ ಹೇಳುತ್ತಾರೆ. ಚಿಕ್ಕಂದಿನಲ್ಲಿ ನಾವೂ ಇದನ್ನು ನಂಬಿದ್ದೆವು.

ಹೋಲಿಕೆ ಮಾಡುವುದು ತಪ್ಪಲ್ಲ. ಮಾಡುವುದಾದರೆ ಪೂರ್ತಿ ಮಾಡೋಣ ಎಂಬುದಷ್ಟೇ ನಮ್ಮ ತಕರಾರು. ಯಾರು ಏನಾದರು ಎಂದು ಕೇಳುವ ಮುನ್ನ ಯಾರಿಗೆ ಏನು ಕೊಟ್ಟೆವು, ಹೇಗೆ ಕೊಟ್ಟೆವು ಎಂದು ಕೇಳಬೇಕು. ಈ ಹೋಲಿಕೆಗೆ ದೂರ ಹೋಗಬೇಕಿಲ್ಲ. ಹುಣಸೂರು ತಾಲ್ಲೂಕು ಒಂದೇ ಸಾಕು. ಅಲ್ಲಿನ ಗುರುಪುರದಲ್ಲಿ 1970ರ ದಶಕದ ಆರಂಭದಿಂದ ಟಿಬೇಟಿಯನ್ ಕ್ಯಾಂಪ್ ಇದೆ. ಅದೇ ತಾಲ್ಲೂಕಿನ ನಾಗಾಪುರದಲ್ಲಿ, ನಾಗರಹೊಳೆ ಕಾಡಿನಿಂದ ಹೊರಗೆ ತಂದ ಜೇನುಕುರುಬರ ಪುನರ್ವಸತಿ ಹಾಡಿ ಇದೆ. ಇಬ್ಬರೂ ತಮ್ಮ ನೆಲ ಕಳೆದುಕೊಂಡವರು. ಒಬ್ಬರು ಹಿಮಾಲಯ ದಾಟಿ ಬಂದರು. ಇನ್ನೊಬ್ಬರು ಕಾಡಿನ ಗೇಟು ದಾಟಿ ಬಂದರು.

ಮೊದಲು ಟಿಬೇಟಿಯನ್ನರ ಲೆಕ್ಕ. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ನಿರಾಶ್ರಿತರು ಹಿಂದೆಯೇ ಬಂದರು. ಹಲವರು ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೂಲಿ ಮಾಡುತ್ತಿದ್ದರು. ಅವರಿಗೆ ಜಾಗ ಕೊಡಿ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಅತಿ ಹೆಚ್ಚು ಭೂಮಿ ಕೊಟ್ಟದ್ದು ಆಗಿನ ಮೈಸೂರು ರಾಜ್ಯ. 1960ರಲ್ಲಿ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಗುರುತಿಸಿತು. ಅದು ಕಾಡು. ಮರ ಕಡಿದು, ಬೇರು ಕಿತ್ತು, ಆನೆ ಓಡಿಸಿ ಹೊಲ ಮಾಡಬೇಕಿತ್ತು. ಆ ಕೆಲಸವನ್ನು ಟಿಬೇಟಿಯನ್ನರೇ ಮಾಡಿದರು. ಬಿಸಿಲು, ಕಾಯಿಲೆ, ಆನೆಗಳಿಗೆ ಜನ ಸತ್ತರು. ಅವರ ಬೆವರನ್ನು ನಾವು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಬೆವರಿನ ಜೊತೆಗೆ ಏನೇನಿತ್ತು ಎಂಬುದನ್ನೂ ಹೇಳಬೇಕು.

ಒಂದು, ಭೂಮಿ ಒಟ್ಟಿಗೆ ಸಿಕ್ಕಿತು. ತಲೆಗೆ ಒಂದು ಎಕರೆಯ ಲೆಕ್ಕದಲ್ಲಿ, ಇಡೀ ಸಮುದಾಯ ಒಂದೇ ಕಡೆ ಕೂರುವ ಹಾಗೆ. ಎರಡು, ಸ್ವಂತ ಆಡಳಿತ. ಅವರದೇ ಸೆಟ್ಲ್‌ಮೆಂಟ್ ಅಧಿಕಾರಿ, ಕ್ಯಾಂಪಿಗೊಬ್ಬ ಮುಖಂಡ, ಅವರದೇ ಸಹಕಾರ ಸಂಘ. ಬೀಜ, ಗೊಬ್ಬರ, ಟ್ರ್ಯಾಕ್ಟರು, ಮಾರಾಟ ಎಲ್ಲವೂ ಆ ಸಂಘದ ಮೂಲಕ. ಮೂರು, ಶಾಲೆ. ಟಿಬೇಟಿಯನ್ ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಶಾಲಾ ಆಡಳಿತ ಸಂಸ್ಥೆ ಮಾಡಿತು. ಮಕ್ಕಳು ತಮ್ಮ ಭಾಷೆ ಬಿಡದೆ ಇಂಗ್ಲಿಷೂ ಕಲಿತರು. ನಾಲ್ಕು, ಹೊರಗಿನ ನೆರವು. ಸ್ವಿಟ್ಜರ್ಲೆಂಡ್ ಸೇರಿದಂತೆ ಹಲವು ದೇಶಗಳಿಂದ ಹಣ, ಯಂತ್ರ, ಆಸ್ಪತ್ರೆ ಬಂದವು. ನಮ್ಮ ಕಡೆ ಸ್ವಸಹಾಯ ಸಂಘಗಳ ಕೆಲಸಕ್ಕೆ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೇಟಿಯನ್ನರ ಪುನರ್ವಸತಿಗೆಂದು. ಹತ್ತು ವರ್ಷ ಅದರ ಮುಖ್ಯ ಕೆಲಸವೇ ಅದಾಗಿತ್ತು.

ಐದನೆಯದು ಎಲ್ಲಕ್ಕಿಂತ ದೊಡ್ಡದು. ಅದು ಸಮಯ. ಬಂದವರಲ್ಲಿ ಹಲವರು ಕುರಿ, ಯಾಕ್ ಮೇಯಿಸುತ್ತಿದ್ದ ಜನ. ದಕ್ಷಿಣದ ಮಳೆ, ಮಣ್ಣು ಅವರಿಗೆ ಗೊತ್ತಿರಲಿಲ್ಲ. ಎಡವಿ ಎಡವಿ ಮುಸುಕಿನ ಜೋಳಕ್ಕೆ ಬಂದು ನಿಂತರು. ಜೋಳ ಸಾಲದಾದಾಗ ಚಳಿಗಾಲದಲ್ಲಿ ಲುಧಿಯಾನದ ಸ್ವೆಟರು ತಂದು ಊರೂರಿನ ಫುಟ್‌ಪಾತಿನಲ್ಲಿ ಮಾರಿದರು. ‘ಇವರಿಗೆ ಬೇಸಾಯ ಬರಲ್ಲ, ಕೊಟ್ಟ ಭೂಮಿ ದಂಡ’ ಎಂದು ಸರ್ಕಾರ ಯಾವತ್ತೂ ಕೈತೊಳೆದುಕೊಳ್ಳಲಿಲ್ಲ. ಕಲಿಯುವವರೆಗೆ ಕಾಯಿತು.

ಇನ್ನು ಜೇನುಕುರುಬರ ಲೆಕ್ಕ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1970ರ ದಶಕದಲ್ಲೇ ಕಬಿನಿ ಅಣೆಕಟ್ಟು ತುಂಬಿ ಎಚ್.ಡಿ. ಕೋಟೆಯ ಹಾಡಿಗಳು ಮುಳುಗಿದವು. ನಾಗರಹೊಳೆ ಅಭಯಾರಣ್ಯ ಮುಂದೆ ರಾಷ್ಟ್ರೀಯ ಉದ್ಯಾನವಾಯಿತು, ನಂತರ ಹುಲಿ ಯೋಜನೆಗೆ ಸೇರಿತು. ಒಂದೊಂದು ಬೋರ್ಡು ಬದಲಾದಾಗಲೂ ಒಂದಷ್ಟು ಹಾಡಿಗಳು ಖಾಲಿಯಾದವು. ಬೈಲಕುಪ್ಪೆಯಲ್ಲಿ ಜನರಿಗಾಗಿ ಕಾಡು ಕಡಿಯಲು ಒಪ್ಪಿದ ಅದೇ ರಾಜ್ಯ, ಹತ್ತು ಹನ್ನೆರಡು ವರ್ಷ ಕಳೆಯುವುದರೊಳಗೆ ಕಾಡಿಗಾಗಿ ಜನರನ್ನು ಹೊರಗೆ ಹಾಕತೊಡಗಿತು.

ಹೊರಗೆ ಬಂದವರಿಗೆ ಏನು ಸಿಕ್ಕಿತು? ಬಹುಪಾಲು ಕುಟುಂಬಗಳಿಗೆ ಏನೂ ಇಲ್ಲ. ಇದು ನಮ್ಮ ಮಾತಲ್ಲ. ಹೈಕೋರ್ಟ್ ನಿರ್ದೇಶನದಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆಯಿಂದ ಹೊರಬಿದ್ದ 3,418 ಆದಿವಾಸಿ ಕುಟುಂಬಗಳಿಗೆ ಪುನರ್ವಸತಿ ಆಗಬೇಕು ಎಂದು ಅದು ಲೆಕ್ಕ ಹಾಕಿತು. ಇಸವಿಯನ್ನು ಗಮನಿಸಿ. ಜನ ಹೊರಬೀಳತೊಡಗಿದ್ದು 1970ರ ದಶಕದಲ್ಲಿ, ಎಣಿಸಿದ್ದು 2014ರಲ್ಲಿ. ಬೈಲಕುಪ್ಪೆಯಲ್ಲಿ ಜನ ಬರುವ ಮುಂಚೆ ಭೂಮಿ ಗುರುತಾಗಿತ್ತು. ಇಲ್ಲಿ ಜನ ಹೋಗಿ ಒಂದು ತಲೆಮಾರು ದಾಟಿದ ಮೇಲೆ ಪಟ್ಟಿ ತಯಾರಾಯಿತು. ಆ ವರದಿ ಇನ್ನೂ ಪೂರ್ತಿ ಜಾರಿಗೆ ಬಂದಿಲ್ಲ.

ನಾಗಾಪುರದಲ್ಲಿ 1999ರ ಹೊತ್ತಿಗೆ ಕುಟುಂಬಕ್ಕೆ ಸುಮಾರು 5 ಎಕರೆ ಕೊಟ್ಟರಲ್ಲ ಎಂದು ನೀವು ಕೇಳಬಹುದು. ನಿಜ, ಕೊಟ್ಟರು. ಆದರೆ ಬೇಸಾಯ ಕಲಿಸಲು ಹತ್ತು ವರ್ಷ ಜೊತೆಗೆ ನಿಂತವರು ಯಾರು? ಟ್ರ್ಯಾಕ್ಟರು ಇಟ್ಟ ಸೊಸೈಟಿ ಎಲ್ಲಿ? ಬೆಳೆ ಬಂದಾಗ ಕೊಂಡವರು ಯಾರು? ಎತ್ತಿಲ್ಲ, ಬಂಡವಾಳವಿಲ್ಲ, ರಾತ್ರಿ ಆನೆ ಕಾಟ. ಹಕ್ಕುಪತ್ರ, ಪಹಣಿ ಎಂದು ಹಾಡಿ ಜನ ಕಚೇರಿ ಅಲೆಯುವುದು ನಮ್ಮ ತಾಲ್ಲೂಕುಗಳಲ್ಲಿ ಹಳೇ ಸುದ್ದಿ. ಪಹಣಿ ಇಲ್ಲದಿದ್ದರೆ ಬ್ಯಾಂಕಿನ ಸಾಲ ಇಲ್ಲ. ಸಾಲ ಇಲ್ಲದವನು ಭೂಮಿ ಇದ್ದೂ ಏನು ಮಾಡಬೇಕು?

ಇಲ್ಲಿ ನಾವು ನಮ್ಮ ಕಡೆಗೇ ಬೆರಳು ತೋರಿಸಬೇಕು. ಹಾಡಿಯ ಭೂಮಿಯನ್ನು ಕಡಿಮೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕುವವರಲ್ಲಿ ಕೇರಳದವರೂ ಇದ್ದಾರೆ, ನಮ್ಮೂರಿನವರೂ ಇದ್ದಾರೆ. ಭೂಮಿಯ ಯಜಮಾನ ತನ್ನದೇ ಹೊಲದಲ್ಲಿ ದಿನಗೂಲಿಗೆ ಶುಂಠಿ ಕೀಳುತ್ತಾನೆ. ಶುಂಠಿಯವನು ಎರಡು ಬೆಳೆ ತೆಗೆದು, ಮಣ್ಣಿಗೆ ಔಷಧ ಸುರಿದು ಬೇರೆ ಹೊಲಕ್ಕೆ ಹೋಗುತ್ತಾನೆ. ಆಮೇಲೆ ನಾವೇ ಟೀ ಅಂಗಡಿಯಲ್ಲಿ ಕುಳಿತು ‘ಭೂಮಿ ಕೊಟ್ಟರೂ ಉಳಿಸಿಕೊಳ್ಳಲಿಲ್ಲ’ ಎನ್ನುತ್ತೇವೆ.

ಉಳಿದವರು ಕೊಡಗಿನ ತೋಟಗಳಿಗೆ ಹೋದರು. ಅಲ್ಲಿ ಲೈನ್ ಮನೆ. ಮಾಲೀಕ ಕೊಟ್ಟ ಮುಂಗಡ ಸಾಲ ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲ. ಲೈನ್ ಮನೆ ಸಾಕೆಂದು ಹೊರಬಂದ ಯರವ, ಜೇನುಕುರುಬ ಕುಟುಂಬಗಳು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದಾಗ ಏನಾಯಿತು? 2016ರ ಡಿಸೆಂಬರಿನಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಕೆಡವಲಾಯಿತು. ದೊಡ್ಡ ಹೋರಾಟವಾದ ಮೇಲೆ ಅವರಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. ಮನೆ ಮಾತ್ರ. ಉಳುವ ಭೂಮಿ ಸಿಗಲಿಲ್ಲ. ಬಸವನಹಳ್ಳಿ ಇರುವುದು ಕುಶಾಲನಗರದ ಹತ್ತಿರ. ಅಲ್ಲಿಂದ ಕಾವೇರಿ ದಾಟಿದರೆ ಬೈಲಕುಪ್ಪೆ.

‘ಜೇನುಕುರುಬರು ಸೋಮಾರಿಗಳು’ ಎಂಬ ಮಾತಿಗೆ ಬರೋಣ. ಮುಗಿಲೆತ್ತರದ ಮರ ಹತ್ತಿ ರಾತ್ರಿ ಹೆಜ್ಜೇನು ಇಳಿಸುವವನು ಸೋಮಾರಿಯೇ? ಮದವೇರಿದ ಆನೆಯ ಕಾಲಿಗೆ ಸರಪಳಿ ಹಾಕುವ ಮಾವುತ, ಕಾವಾಡಿಗಳಲ್ಲಿ ಜೇನುಕುರುಬರೇ ಎಷ್ಟು ಜನ! ಅರಣ್ಯ ಇಲಾಖೆಯ ದಿನಗೂಲಿ ವಾಚರುಗಳಾಗಿ ಬೆಂಕಿ ಆರಿಸುವವರು, ಕಳ್ಳಬೇಟೆ ಕಾಯುವವರು ಯಾರು? ಕುಡಿತ ಇದೆ. ಇಲ್ಲ ಎಂದು ನಾವು ಸುಳ್ಳು ಬರೆಯುವುದಿಲ್ಲ. ಹಾಡಿಯ ಹೆಣ್ಣುಮಕ್ಕಳೇ ಅದರ ವಿರುದ್ಧ ಜಗಳ ಆಡುತ್ತಾರೆ. ಆದರೆ ಕೆಲಸ, ನೆಲ, ಗೌರವ ಮೂರೂ ಹೋದ ಮೇಲೆ ಬಂದ ಕುಡಿತವನ್ನು ಬಡತನದ ಕಾರಣ ಅನ್ನುವುದು ಎಷ್ಟು ಸರಿ? ಕುಡಿತದಿಂದ ಕಾಡು ಕಳೆದುಕೊಂಡ ಹಾಡಿ ಒಂದೂ ಇಲ್ಲ.

ಇನ್ನೂ ಒಂದು ಮಾತಿದೆ. ‘ಎಲ್ಲ ಬಡವರಿಗೂ ಭೂಸುಧಾರಣೆ ಆಯ್ತಲ್ಲ.’ ಭೂಸುಧಾರಣೆ ತಂದ ದೇವರಾಜ ಅರಸರು ಹುಣಸೂರಿನವರೇ. ಉಳುವವನಿಗೆ ಭೂಮಿ ಎಂದ ಆ ಕಾನೂನು ನಮ್ಮ ಅಜ್ಜಂದಿರಲ್ಲಿ ಅನೇಕರನ್ನು ಗೇಣಿಯಿಂದ ಬಿಡಿಸಿತು. ಆದರೆ ಅದಕ್ಕೆ ಗೇಣಿದಾರ ಎನ್ನುವ ದಾಖಲೆಯಾದರೂ ಬೇಕಿತ್ತು. ಕಾಡಿನಲ್ಲಿ ರಾಗಿ ಚೆಲ್ಲಿ, ಗೆಡ್ಡೆ ಅಗೆದು, ಜೇನು ಇಳಿಸಿ ಬದುಕಿದವರು ಯಾರ ಗೇಣಿದಾರರು? ಅರಸರ ತಾಲ್ಲೂಕಿನ ಕಾಡಂಚಿನಲ್ಲೇ ಆ ಕಾನೂನು ನಿಂತುಹೋಯಿತು.

ಈ ಲೇಖನ ಟಿಬೇಟಿಯನ್ನರ ವಿರುದ್ಧ ಅಲ್ಲ. ಅವರನ್ನು ಕಂಡು ಹೊಟ್ಟೆ ಉರಿದುಕೊಳ್ಳುವವರಿಗೂ ನಮ್ಮಲ್ಲಿ ಜಾಗವಿಲ್ಲ. ಗೋಲ್ಡನ್ ಟೆಂಪಲ್ಲಿನ ಮುಂದೆ ಫೋಟೊ ತೆಗೆಸಿಕೊಂಡು ಬಂದವರಿಗೆ ಅವರ ಇನ್ನೊಂದು ಮುಖ ಕಾಣುವುದಿಲ್ಲ. ಆ ಹೊಲಗಳು ಅವರ ಸ್ವಂತದ್ದಲ್ಲ, ಗುತ್ತಿಗೆಯವು. ಬಹುಪಾಲು ಜನ ಇವತ್ತಿಗೂ ವಿದೇಶಿಯರೆಂದು ನೋಂದಣಿ ಪತ್ರ ಇಟ್ಟುಕೊಂಡೇ ಬದುಕುತ್ತಾರೆ. ಸರ್ಕಾರಿ ಕೆಲಸ ಅವರಿಗೆ ದೂರದ ಮಾತು. ಓದಿದ ಹುಡುಗರು ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿದ್ದಾರೆ. ಅಲ್ಲಿಂದ ಬರುವ ಹಣದಲ್ಲೇ ಎಷ್ಟೋ ಮನೆಗಳು ಎದ್ದಿವೆ, ದೇವಾಲಯಗಳ ಹೊಳಪಿನಲ್ಲಿ ದಾನಿಗಳ ಪಾಲು ದೊಡ್ಡದು. ಕ್ಯಾಂಪಿನಲ್ಲಿ ಉಳಿದವರು ವಯಸ್ಸಾದವರು. ಅವರ ಬದುಕು ನಾವು ತಿಳಿದಷ್ಟು ಭದ್ರವೇನಲ್ಲ.

ಆದರೂ ಅವರ ಕಥೆ ಒಂದನ್ನು ಸಾಬೀತು ಮಾಡಿದೆ. ಈ ರಾಜ್ಯಕ್ಕೆ ಪುನರ್ವಸತಿ ಮಾಡಲು ಬರುತ್ತದೆ. ಗೊತ್ತಿಲ್ಲದ ಭಾಷೆಯ, ಗೊತ್ತಿಲ್ಲದ ಬೇಸಾಯದ, ಕೈಯಲ್ಲಿ ಕಾಸಿಲ್ಲದ ಜನರನ್ನು ಇದೇ ಕಂದಾಯ ಇಲಾಖೆ, ಇದೇ ಅರಣ್ಯ ಇಲಾಖೆ ನೆಲೆ ನಿಲ್ಲಿಸಿದ್ದುಂಟು. ಹಾಗಾಗಿ ಜೇನುಕುರುಬರ ವಿಷಯದಲ್ಲಿ ‘ಆಗಲ್ಲ’ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ. ಮಾಡಲಿಲ್ಲ ಎಂಬುದೇ ಸರಿಯಾದ ಉತ್ತರ.

ಏನು ಮಾಡಬೇಕು ಎಂಬುದೂ ಹೊಸದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬರೆದಿದೆ. 2005ರ ಡಿಸೆಂಬರ್ 13ಕ್ಕೆ ಮುಂಚೆ ಪುನರ್ವಸತಿ ಇಲ್ಲದೆ ಕಾನೂನುಬಾಹಿರವಾಗಿ ಹೊರಹಾಕಲ್ಪಟ್ಟವರಿಗೆ ಅದೇ ಜಾಗದಲ್ಲಿ ಪುನರ್ವಸತಿ ಅಥವಾ ಬದಲಿ ಭೂಮಿಯ ಹಕ್ಕಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಓಡಿಹೋಗಲಿಲ್ಲ. ಅಲ್ಲಿ ಆದದ್ದು ನಾಗರಹೊಳೆಯಲ್ಲಿ ಏಕಾಗಬಾರದು?

ಸರ್ಕಾರದ ಉತ್ತರ ಈಗಲೂ ಕುಟುಂಬದ ಲೆಕ್ಕದಲ್ಲೇ ಇದೆ. ಹುಲಿ ಯೋಜನೆಯ ಪ್ಯಾಕೇಜು 2008ರಲ್ಲಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಇತ್ತು, 2021ರಲ್ಲಿ 15 ಲಕ್ಷವಾಯಿತು. 2023ರಲ್ಲಿ ಬಂದ ಪಿಎಂ ಜನಮನ್ ಯೋಜನೆಯಲ್ಲಿ ಮನೆ ಇದೆ, ರಸ್ತೆ ಇದೆ, ಕುಡಿಯುವ ನೀರಿದೆ. ಬೇಡ ಅನ್ನುವುದಿಲ್ಲ. ಆದರೆ ಹಣ ಕೊಟ್ಟು ಒಂದೊಂದೇ ಕುಟುಂಬವನ್ನು ಎತ್ತಿ ಬೇರೆ ಬೇರೆ ಕಡೆ ಇಟ್ಟರೆ ಅಲ್ಲಿ ಹಾಡಿ ಉಳಿಯುವುದಿಲ್ಲ, ಯಜಮಾನ ಉಳಿಯುವುದಿಲ್ಲ, ಭಾಷೆ ಉಳಿಯುವುದಿಲ್ಲ. ಬೈಲಕುಪ್ಪೆಯಲ್ಲಿ ನಾವು ನೆಲೆ ನಿಲ್ಲಿಸಿದ್ದು ಒಂದು ಸಮುದಾಯವನ್ನು. ನಾಗರಹೊಳೆಯಲ್ಲಿ ಫಲಾನುಭವಿಗಳ ಪಟ್ಟಿ ಮಾತ್ರ ಮಾಡಿದೆವು.

ನಮ್ಮ ಬೇಡಿಕೆ ಸರಳ. ಟಿಬೇಟಿಯನ್ನರಿಗೆ ಕೊಟ್ಟದ್ದನ್ನೇ ಜೇನುಕುರುಬರಿಗೂ ಕೊಡಿ. ಕಾಯ್ದೆ ಹೇಳಿದ ಹಾಗೆ ಕಾಡಿನ ಹಕ್ಕು, ಹೊರಗೆ ಇರಲು ಒಪ್ಪಿದವರಿಗೆ ಒಟ್ಟಿಗೆ ಭೂಮಿ, ಹೆಸರಿಗೆ ಪಹಣಿ. ಅವರೇ ನಡೆಸುವ ಸೊಸೈಟಿ. ಮಕ್ಕಳ ಭಾಷೆ ತಿಳಿದ ಮೇಷ್ಟ್ರು ಇರುವ ಶಾಲೆ. ಆಮೇಲೆ ಇಪ್ಪತ್ತು ವರ್ಷದ ತಾಳ್ಮೆ. ಅಷ್ಟಾದ ಮೇಲೆ ಬೇಕಾದರೆ ಹೋಲಿಸಿ ನೋಡಿ, ನಾವೂ ಬಂದು ಟೀ ಅಂಗಡಿಯಲ್ಲಿ ಕೂರುತ್ತೇವೆ.

ಪ್ರತಿ ವರ್ಷ ದಸರೆಗೆ ಮುನ್ನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣ ನಡೆಯುತ್ತದೆ. ಮಂತ್ರಿಗಳು ಬಂದು ಆನೆಗಳಿಗೆ ಹೂವು ಹಾಕಿ, ಕಬ್ಬು ಬೆಲ್ಲ ತಿನ್ನಿಸಿ ಮೈಸೂರಿಗೆ ಕಳಿಸುತ್ತಾರೆ. ಆನೆಯ ಕೊರಳ ಮೇಲೆ ಕುಳಿತವರಲ್ಲಿ ಜೇನುಕುರುಬರಿರುತ್ತಾರೆ. ಅಂಬಾರಿ ಹೊತ್ತ ಆನೆಯನ್ನು ಲಕ್ಷಾಂತರ ಜನರ ನಡುವೆ ಬೆದರದಂತೆ ನಡೆಸಲು ಅವರನ್ನು ನಂಬುವ ಸರ್ಕಾರ, ಐದು ಎಕರೆಗೆ ಒಂದು ಪಹಣಿ ಕೊಡುವಾಗ ಮಾತ್ರ ‘ಇವರಿಂದ ಆಗುತ್ತಾ?’ ಎಂದು ಯೋಚಿಸುತ್ತದೆ. ಈ ಸಲ ಹೂವು ಹಾಕಲು ಬಂದವರನ್ನು ಅಲ್ಲೇ ನಿಲ್ಲಿಸಿ ಕೇಳಬೇಕು: 3,418 ಕುಟುಂಬಗಳ ಕಡತ ಎಲ್ಲಿದೆ?