ಕಿವಿಹಾಲೆ ಬಿಡಿ, ಕುದುರೆಯ ಬಣ್ಣ ತನ್ನಿ

ಹತ್ತನೇ ತರಗತಿಯ ಅನುವಂಶೀಯತೆ ಪಾಠದಲ್ಲಿ ಒಂದು ಚಟುವಟಿಕೆ ಇದೆ. ತರಗತಿಯವರ ಕಿವಿಹಾಲೆ ನೋಡಿ, ಅಂಟಿದವು ಎಷ್ಟು, ಬಿಡಿಯಾದವು ಎಷ್ಟು ಎಂದು ಲೆಕ್ಕ ಹಾಕಿ, ತಂದೆತಾಯಿಯ ಕಿವಿಯೊಂದಿಗೆ ಹೋಲಿಸುವುದು. ಬೋಧನಾಭ್ಯಾಸಕ್ಕೆ ಹೋಗುವ ನಮ್ಮಲ್ಲಿ ಅನೇಕರು ಇದನ್ನೇ ಪಾಠಯೋಜನೆಗೆ ಇಳಿಸುತ್ತೇವೆ. ಖರ್ಚಿಲ್ಲ, ಮಕ್ಕಳು ನಗುತ್ತಾರೆ, ಅವಲೋಕನಕ್ಕೆ ಬಂದವರಿಗೂ ಮೆಚ್ಚುಗೆ. ಆದರೂ ಇದನ್ನು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ಕಿವಿಹಾಲೆಯ ಆಕಾರವನ್ನು ಒಂದೇ ಜೀನ್ ತೀರ್ಮಾನಿಸುವುದಿಲ್ಲ. ನಾಲಿಗೆ ಸುರುಳಿ ಸುತ್ತುವುದೂ ಅಷ್ಟೇ: 1940ರಲ್ಲಿ ಸ್ಟರ್ಟೆವಂಟ್ ಅದನ್ನು ಪ್ರಬಲ ಗುಣ ಎಂದರು, 1952ರಲ್ಲಿ ತದ್ರೂಪಿ ಅವಳಿಗಳಲ್ಲೇ ಒಬ್ಬರು ಸುತ್ತಬಲ್ಲರು, ಇನ್ನೊಬ್ಬರಿಗೆ ಆಗದು ಎಂದು ಕಂಡುಬಂತು. ತಪ್ಪು ವಿಜ್ಞಾನಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ಮಾತು ನಂಬಿದ ಹುಡುಗಿ ಮನೆಗೆ ಹೋಗಿ "ನನ್ನ ಕಿವಿ ನಿಮ್ಮಿಬ್ಬರ ಹಾಗೂ ಇಲ್ಲವಲ್ಲ" ಎಂದರೆ? ದತ್ತು ಮಗು, ತಂದೆಯನ್ನೇ ಕಾಣದ ಮಗು ಆ ಕಾಲಂನಲ್ಲಿ ಏನು ಬರೆಯಬೇಕು?

ಕುದುರೆಯ ಮೈಬಣ್ಣದಲ್ಲಿ ಈ ಎರಡೂ ತೊಡಕಿಲ್ಲ. ಕೆಂಗಂದು ಬಣ್ಣ ದುರ್ಬಲ ಗುಣ. ಎರಡು ಕೆಂಗಂದು ಕುದುರೆಗಳಿಗೆ ಕಪ್ಪು ಮರಿ ಹುಟ್ಟುವುದಿಲ್ಲ, ಎರಡು ಕಪ್ಪು ಕುದುರೆಗಳಿಗೆ ಕೆಂಗಂದು ಮರಿ ಹುಟ್ಟಬಹುದು. ಕೆಂಗಂದಿಗೆ 'ಕ್ರೀಮ್' ಜೀನಿನ ಒಂದು ಪ್ರತಿ ಸೇರಿದರೆ ಹೊಂಬಣ್ಣದ ಪಾಲೊಮಿನೊ, ಎರಡು ಸೇರಿದರೆ ಬಹುತೇಕ ಬಿಳಿ. ಎರಡು ಪಾಲೊಮಿನೊಗಳ ಸಂತತಿಯಲ್ಲಿ 1:2:1 ಅನುಪಾತ ಬಣ್ಣದಲ್ಲೇ ಕಾಣುತ್ತದೆ. ಬಟಾಣಿಯ ಎತ್ತರ ಕುಳ್ಳಿನಲ್ಲಿ ಇದನ್ನು ತೋರಿಸಲಾಗದು. ಮೆರವಣಿಗೆಯ 'ಬಿಳಿ' ಕುದುರೆಗಳಲ್ಲಿ ಹೆಚ್ಚಿನವು ಹುಟ್ಟಿದಾಗ ಕಪ್ಪೋ ಕಂದೋ ಇದ್ದು ವರ್ಷಗಳು ಕಳೆದಂತೆ ನರೆತವು; ಚರ್ಮ ಈಗಲೂ ಕಪ್ಪೇ. ಬಾಹ್ಯರೂಪ, ಜೀನ್‌ರಚನೆ ಬೇರೆ ಬೇರೆ ಎನ್ನಲು ಇನ್ನೇನು ಬೇಕು?

ನನಗೆ ಮುಖ್ಯವೆನಿಸಿದ್ದು 'ಫ್ರೇಮ್' ಎಂಬ ಬಿಳಿ ಮಚ್ಚೆಯ ವಿನ್ಯಾಸ. ಆ ಜೀನಿನ ಒಂದು ಪ್ರತಿ ಇದ್ದರೆ ಕುದುರೆ ಆರೋಗ್ಯವಾಗಿರುತ್ತದೆ. ಎರಡೂ ಕಡೆಯಿಂದ ಬಂದರೆ ಮರಿ ಬಿಳಿಯಾಗಿ ಹುಟ್ಟಿ, ಕರುಳಿಗೆ ನರಗಳಿಲ್ಲದೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಸೋದರಮಾವನ ಮದುವೆ ಇಂದಿಗೂ ಇರುವ ನಮ್ಮ ಊರುಗಳಲ್ಲಿ, ಆರೋಗ್ಯವಂತ ತಂದೆತಾಯಿಗೆ ಕಾಯಿಲೆಯ ಮಗು ಹೇಗೆ ಹುಟ್ಟುತ್ತದೆ ಎಂಬುದನ್ನು ಯಾರ ಮನೆಯತ್ತಲೂ ಬೆರಳು ತೋರದೆ ಹೇಳಲು ಇದೊಂದು ದಾರಿ.

ಮಕ್ಕಳು ಕುದುರೆ ಎಲ್ಲಿ ನೋಡಿದ್ದಾರೆ ಎಂದು ಕೇಳಬಹುದು. ಎತ್ತರ, ಕುಳ್ಳು ಬಟಾಣಿ ಗಿಡಗಳನ್ನು ಅಕ್ಕಪಕ್ಕ ನೆಟ್ಟು ನೋಡಿದವರೂ ಕಡಿಮೆಯೇ. ಎಂಟು ಬಣ್ಣದ ಚಿತ್ರಕಾರ್ಡು, ಕಪ್ಪುಹಲಗೆಯ ಮೇಲೊಂದು ಪುನೆಟ್ ಚೌಕ, ನಲವತ್ತು ನಿಮಿಷಕ್ಕೆ ಇಷ್ಟು ಸಾಕು. ಪರೀಕ್ಷೆಗೆ ಬಟಾಣಿಯೇ ಬರುತ್ತದೆ, ಅದನ್ನು ಮೊದಲು ಮುಗಿಸಿಕೊಳ್ಳೋಣ.