ಕ್ಲಿಕ್ಕಿಗೆ ದುಡ್ಡು ಕೊಟ್ಟ ಮೇಲೆ
ಗೂಗಲ್‌ನಲ್ಲಿ ಜಾಹೀರಾತು ಕೊಡುವ ಆನ್‌ಲೈನ್ ಅಂಗಡಿಯವರು ವ್ಯಾಪಾರ ಕುದುರದಿದ್ದರೆ ಮೊದಲು ಬಜೆಟ್ ಏರಿಸುತ್ತಾರೆ. ಅದು ಬೇಡ. 2002ರಲ್ಲಿ ಗೂಗಲ್ ಕ್ಲಿಕ್ಕಿನ ಲೆಕ್ಕದಲ್ಲಿ ದರ ಹಿಡಿಯಲು ಶುರುಮಾಡಿದಾಗಿನಿಂದ ಪದ್ಧತಿ ಒಂದೇ: ಕ್ಲಿಕ್ ಬಿತ್ತೆಂದರೆ ದುಡ್ಡು ಹೋಯಿತು, ಬಂದವರು ಕೊಳ್ಳಲಿ ಬಿಡಲಿ. ಇಳಕಲ್ ಸೀರೆ ಮಾರುವವರನ್ನೇ ನೋಡಿ. ಖಾತೆಯ ‘ಸರ್ಚ್ ಟರ್ಮ್ಸ್’ ವರದಿ ತೆರೆದರೆ ‘ಇಳಕಲ್ ಸೀರೆ ಉಡುವುದು ಹೇಗೆ’, ‘ಇಳಕಲ್ ಸೀರೆ ಇತಿಹಾಸ’ ಎಂದು ಹುಡುಕಿದವರಿಗೂ ಹಣ ಸೋರಿರುವುದು ಕಾಣಬಹುದು. ಅಂಥ ಪದಗಳನ್ನು ವಾರವಾರವೂ ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಜಾಹೀರಾತು ತೋರಿಸಬಾರದ ಹುಡುಕಾಟಗಳ ಪಟ್ಟಿಗೆ ಹಾಕಿ. ‘ಕೆಂಪು ಟೋಪ್ ತೆನಿ ಸೆರಗು’ ಎಂದು ಹುಡುಕಿದವರನ್ನು ಮುಖಪುಟದಲ್ಲಿ ಅಲೆದಾಡಿಸದೆ ನೇರ ಆ ಸೀರೆಯ ಪುಟಕ್ಕೇ ಇಳಿಸಿ. ಅಲ್ಲಿ ಒಡಲಿನ ಹಾಸು ನೂಲು ಸೆರಗಿನ ರೇಷ್ಮೆಯನ್ನು ಕೂಡುವ ಕೊಂಡಿಯ ಹತ್ತಿರದ ಫೋಟೊ ಇರಲಿ. ಸೀರೆ ಬಲ್ಲ ಹೆಂಗಸರು ಕೈಮಗ್ಗದ್ದೋ ಅಲ್ಲವೋ ಎಂದು ನೋಡುವುದು ಅಲ್ಲೇ. ಡೆಲಿವರಿ ಖರ್ಚನ್ನು ಕೊನೆಯ ಪುಟದವರೆಗೆ ಬಚ್ಚಿಡುವ ಚಾಳಿಯಂತೂ ನನಗೆ ಸ್ವಲ್ಪವೂ ಹಿಡಿಸದು. ಪರ್ಸ್ ಬಿಚ್ಚಿದವರನ್ನೇ ವಾಪಸ್ ಕಳಿಸುವ ಕೆಲಸವದು. ಖರ್ಚೆಷ್ಟು, ಸೀರೆ ಹಿಡಿಸದಿದ್ದರೆ ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತೀರಿ, ಕ್ಯಾಶ್ ಆನ್ ಡೆಲಿವರಿ ಉಂಟೋ ಇಲ್ಲವೋ, ಎಲ್ಲವನ್ನೂ ಬೆಲೆಯ ಪಕ್ಕದಲ್ಲೇ ಕನ್ನಡದಲ್ಲಿ ಬರೆಯಿರಿ.