ಹಾಲು ಕುಡಿಯುವಾಗ ಬೆವರುವ ಮಗು

ಎಣ್ಣೂರಿನಲ್ಲಿ ಮಗುವೊಂದು ಏದುಸಿರು ಬಿಟ್ಟರೆ ಮೊದಲು ಬೈಸಿಕೊಳ್ಳುವುದು ಹೊಗೆ. ವಿದ್ಯುತ್ ಸ್ಥಾವರದ ಹಾರುಬೂದಿ, ಬಂದರಿನ ಕಲ್ಲಿದ್ದಲು, ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಕಂಟೇನರ್ ಲಾರಿಗಳು, ಎಲ್ಲವೂ ಬೈಸಿಕೊಳ್ಳಬೇಕಾದವೇ. ಆದರೆ ಎರಡು ತಿಂಗಳ ಕೂಸು ಹಾಲು ಕುಡಿಯುತ್ತಿದ್ದದ್ದು ನಡುವೆ ಬಿಟ್ಟು ಚೀರಿ, ಹಣೆಯೆಲ್ಲ ಬೆವತು, ಬಿಳಿಚಿಕೊಂಡರೆ? ಅಜ್ಜಿ ಹೊಟ್ಟೆನುಲಿತವೆಂದು ಬಜೆ ತೇಯುತ್ತಾರೆ. ಇಲ್ಲಿನವರಿಗೆ ಅದು ವಸಂಬು. ಕ್ಲಿನಿಕ್ಕಿನಲ್ಲಿ ಕಫವೆಂದು ನೆಬ್ಯುಲೈಸರ್ ಹಿಡಿಯುತ್ತಾರೆ. ಬಹುಪಾಲು ಸಲ ಇಬ್ಬರ ಊಹೆಯೂ ಸರಿಯಾಗಿರುತ್ತದೆ. ಸರಿಯಾಗದ ಸಲ ಆ ಮಗುವಿಗೆ ಆಗುತ್ತಿರುವುದು ಹೃದಯಾಘಾತವೂ ಇರಬಹುದು.

ಹೃದಯದ ಸ್ನಾಯುವಿಗೆ ರಕ್ತ ಕೊಡುವ ಎರಡು ಕೊರೊನರಿ ನಾಳಗಳೂ ಮಹಾಪಧಮನಿಯಿಂದ ಹೊರಡಬೇಕು. ಸುಮಾರು ಮೂರು ಲಕ್ಷ ಮಕ್ಕಳಲ್ಲಿ ಒಂದಕ್ಕೆ ಎಡಗಡೆಯದು ಶ್ವಾಸಕೋಶದ ಅಪಧಮನಿಯಿಂದ ಹೊರಟಿರುತ್ತದೆ. ವೈದ್ಯರು ಇದನ್ನು ಆಲ್ಕಾಪಾ ಎನ್ನುತ್ತಾರೆ. ಹುಟ್ಟಿದಾಗ ಶ್ವಾಸಕೋಶದ ಒತ್ತಡ ಹೆಚ್ಚಿರುವುದರಿಂದ ಹೇಗೋ ನಡೆಯುತ್ತದೆ. ವಾರಗಳು ಕಳೆದಂತೆ ಆ ಒತ್ತಡ ಇಳಿಯುತ್ತದೆ. ಆಗ ಎಡ ನಾಳದಲ್ಲಿ ರಕ್ತ ಹಿಮ್ಮುಖವಾಗಿ ಹರಿದು ಶ್ವಾಸಕೋಶದ ಕಡೆ ಸೋರಿಹೋಗುತ್ತದೆ, ಹೃದಯದ ಸ್ನಾಯು ಹಸಿಯುತ್ತದೆ. ಹಸುಗೂಸಿಗೆ ಹಾಲು ಕುಡಿಯುವುದೇ ದೊಡ್ಡ ದುಡಿಮೆ. ದೊಡ್ಡವರಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿಯುವಂತೆ ಅದಕ್ಕೆ ಮೊಲೆಯೂಡುವಾಗ ಹಿಡಿಯುತ್ತದೆ. 1933ರಲ್ಲೇ ಬ್ಲಾಂಡ್, ವೈಟ್, ಗಾರ್ಲೆಂಡ್ ಎಂಬ ಬಾಸ್ಟನ್ನಿನ ವೈದ್ಯರು ಇದನ್ನು ವಿವರಿಸಿದ್ದರು.

ಹುಟ್ಟಿದ ದಿನದ ತಪಾಸಣೆಯಲ್ಲಿ ಇದು ಸಿಗುವುದಿಲ್ಲ. ಮಗು ನೀಲಿಗಟ್ಟುವುದಿಲ್ಲ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಕಾಯಿಲೆ ಮುಖ ತೋರಿಸುವುದು ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ. ನಮ್ಮ ಲಸಿಕೆಯ ಪಟ್ಟಿ ನೋಡಿ: 6, 10, 14 ವಾರ. ಕಾಯಿಲೆ ಹೊರಬೀಳುವ ಹೊತ್ತಿಗೆ ಸರಿಯಾಗಿ ತಾಯಿ ಮಗುವನ್ನೆತ್ತಿಕೊಂಡು ತಾನಾಗಿಯೇ ಆರೋಗ್ಯ ಕೇಂದ್ರಕ್ಕೆ ಬಂದಿರುತ್ತಾಳೆ! ಚುಚ್ಚುತ್ತೇವೆ, ಜ್ವರದ ಔಷಧಿ ಕೊಟ್ಟು ಕಳಿಸುತ್ತೇವೆ. ಹಾಲು ಕುಡಿಯುವಾಗ ಬೆವರುತ್ತದೆಯೇ, ತೂಕ ಏರುತ್ತಿದೆಯೇ ಎಂದು ಆಗ ಕೇಳಲೇಬೇಕು ಎನ್ನುವುದು ನನ್ನ ವಾದ.

ಇಷ್ಟು ಅಪರೂಪದ್ದಕ್ಕೆ ಇಷ್ಟೊಂದು ಗದ್ದಲವೇ ಎನ್ನಬಹುದು. ವರ್ಷಕ್ಕೆ 2 ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುವ ದೇಶದಲ್ಲಿ ಮೂರು ಲಕ್ಷಕ್ಕೊಂದು ಎಂದರೆ ವರ್ಷಕ್ಕೆ ಎಪ್ಪತ್ತರಷ್ಟು ಮಕ್ಕಳು. ಶಸ್ತ್ರಚಿಕಿತ್ಸೆಯಿಲ್ಲದಿದ್ದರೆ ಅವರಲ್ಲಿ ಹೆಚ್ಚಿನವರು ಮೊದಲ ಹುಟ್ಟುಹಬ್ಬ ಕಾಣುವುದಿಲ್ಲ. ಅಳುವ ಮಕ್ಕಳಿಗೆಲ್ಲ ಇಸಿಜಿ ಮಾಡಿ ಎನ್ನುತ್ತಿಲ್ಲ. ಬೆವರುವ, ತೂಕ ಏರದ ಮಗುವಿಗೆ ಮಾಡಿ. ಅದೇ ಪ್ರಶ್ನೆಗೆ ಹೃದಯದ ದೊಡ್ಡ ರಂಧ್ರಗಳೂ ಸಿಕ್ಕಿಬೀಳುತ್ತವೆ, ಅವು ಅಪರೂಪವೇನಲ್ಲ.

ಎಕೋ ಆದಮೇಲೂ ಒಂದು ಗಂಡಾಂತರ ಉಳಿದಿರುತ್ತದೆ. ಹಿಗ್ಗಿದ ಹೃದಯ ಕಂಡೊಡನೆ ‘ಹೃದಯದ ಸ್ನಾಯು ದುರ್ಬಲ’ ಎಂದು ಬರೆದು, ಮಾತ್ರೆ ಕೊಟ್ಟು, ತಂದೆತಾಯಿಗೆ ದೇವರ ಮೇಲೆ ಭಾರ ಹಾಕಿ ಎನ್ನುವುದು ಸುಲಭ. ಎಡ ಕೊರೊನರಿ ಎಲ್ಲಿಂದ ಹೊರಟಿದೆ ಎಂದು ಕಣ್ಣಾರೆ ಕಾಣುವ ತನಕ, ಎಕೋದಲ್ಲಿ ಕಾಣದಿದ್ದರೆ ಸಿಟಿ ಮಾಡಿಸುವ ತನಕ, ಆ ಮಾತನ್ನು ಬರೆಯಬಾರದು. ಯಾಕೆಂದರೆ ಇದು ರಿಪೇರಿಯಾಗುವ ಹೃದಯ. ನಾಳವನ್ನು ತಪ್ಪು ಜಾಗದಿಂದ ಬಿಡಿಸಿ ಮಹಾಪಧಮನಿಗೆ ಹೊಲಿಯುತ್ತಾರೆ. ಸೋತಂತಿದ್ದ ಸ್ನಾಯು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ, ಎಷ್ಟೋ ಮಕ್ಕಳಲ್ಲಿ ಪೂರ್ತಿ. ಹೃದಯ ತೀರಾ ದುರ್ಬಲವಾಗಿದೆ ಎಂಬುದು ಆಪರೇಷನ್ ಬೇಡವೆನ್ನಲು ಕಾರಣವಲ್ಲ, ಬೇಗ ಮಾಡಲು ಕಾರಣ.

ಕೈಗಳಿಗೇನೂ ಕೊರತೆಯಿಲ್ಲ. ಇದೇ ಉತ್ತರ ಚೆನ್ನೈನ ಪೆರಂಬೂರ್ ರೈಲ್ವೆ ಆಸ್ಪತ್ರೆಯಲ್ಲಿ 1975ರಲ್ಲಿ ಡಾ. ಕೆ.ಎಂ. ಚೆರಿಯನ್ ದೇಶದ ಮೊದಲ ಕೊರೊನರಿ ಬೈಪಾಸ್ ಮಾಡಿದರು. ಎಗ್ಮೋರಿನಲ್ಲಿ ಸರ್ಕಾರಿ ಮಕ್ಕಳ ಆಸ್ಪತ್ರೆಯಿದೆ. ಎಣ್ಣೂರಿನಿಂದ ಲೋಕಲ್ ರೈಲು ಹತ್ತಿದರೆ ಎರಡೂ ದೂರವಲ್ಲ. ಆ ರೈಲು ಹತ್ತಿ ಎಂದು ಹೇಳುವವರು ಬೇಕು. ತಾಯಿ ಕಾರ್ಡಿನಲ್ಲಿ ತೂಕ ಬರೆಯುವ ಕಾಲಂ ಪಕ್ಕದಲ್ಲೇ ಇನ್ನೊಂದು ಸಾಲಿಗೆ ಜಾಗ ಮಾಡಿ: ‘ಹಾಲು ಕುಡಿಯುವಾಗ ಬೆವರು — ಹೌದು / ಇಲ್ಲ.’